ಬಾಗಿಲು ಹಾಕಿ ಮಾತನಾಡಿದ ಸಿಸ್ಟರ್

ಸಕ್ಕರೆ ಕಾಯಿಲೆಯ ಹೊರರೋಗಿ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಸಿಸ್ಟರ್ ಅವರ ಹೆಸರು ದೊಡ್ಡ ವೈದ್ಯರ ಸಾಲಿನಲ್ಲಿ ಬರುವುದಿಲ್ಲ. ಆದರೆ ಇನ್ಸುಲಿನ್ ಸೂಜಿಯನ್ನು ತಮಗೆ ತಾವೇ ಚುಚ್ಚಿಕೊಳ್ಳಲು ಈ ಊರಿನ ಎಳೆಯರಿಗೆ ಕೈ ಹಿಡಿದು ಕಲಿಸಿದವರು ಅವರೇ ಎಂಬುದನ್ನು ಅಲ್ಲಗಳೆಯುವವರಿಲ್ಲ. ಹದಿನೆಂಟು ವರ್ಷ ಅವರ ಪಕ್ಕದ ಮೇಜಿನಲ್ಲಿ ಆಹಾರ ಸಲಹೆಗಾರ್ತಿಯಾಗಿದ್ದ ಈ ಲೇಖಕಿ ಬೀಳ್ಕೊಡುಗೆಯ ಅಭಿನಂದನ ಗ್ರಂಥಕ್ಕೆ ಬರೆಯುವೆನೆಂದಾಗ ಅವರು ಒಂದೇ ಷರತ್ತು ಹಾಕಿದರು.

"ಹೊಗಳೋದಾದ್ರೆ ಹೊಗಳು, ಬೇಡ ಅನ್ನಲ್ಲ. ಆದ್ರೆ ಆ ಹುಡುಗಿ ವಿಷಯ ಬಿಟ್ಟು ಬರೆದ್ರೆ ನಾನು ಸಮಾರಂಭಕ್ಕೇ ಬರಲ್ಲ."

ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ಅವರು ಶಿಸ್ತಿಗೆ ಹೆಸರಾದವರು. ಸೂಜಿ ಕಂಡು ಅತ್ತ ಮಗುವಿನೆದುರು ತಮ್ಮ ಹೊಟ್ಟೆಗೇ ಉಪ್ಪುನೀರು ಚುಚ್ಚಿ ತೋರಿಸುವಷ್ಟು ಅಕ್ಕರೆಯೂ ಅವರಲ್ಲಿತ್ತು. ಹದಿನೆಂಟು ತುಂಬಿ ದೊಡ್ಡವರ ವಿಭಾಗಕ್ಕೆ ಬಂದವರಿಗೆ ಮಾತ್ರ ಆ ಅಕ್ಕರೆ ಸಲ್ಲದೆಂದು ನಂಬಿದ್ದರು. ಕಾಲು ಕಳೆದುಕೊಂಡ ಮುದುಕರ ನಡುವೆ ಬೆಂಚಿನ ತುದಿಯಲ್ಲಿ ಮೂರು ಗಂಟೆ ಕಾದ ಆ ಎಳೆಯರಿಗೆ ಸಿಗುತ್ತಿದ್ದುದು ನಾಲ್ಕು ನಿಮಿಷ, ಅದೂ ಪ್ರತಿ ಸಲ ಬೇರೆ ಬೇರೆ ವೈದ್ಯರೊಡನೆ.

ಹನ್ನೊಂದನೆಯ ವರ್ಷ, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತರ ಹುಡುಗಿಯೊಬ್ಬಳು ತನ್ನ ಸಕ್ಕರೆಯ ಅಂಕಿಗಳ ನೋಟುಪುಸ್ತಕ ತಂದಳು. ಮೂರು ತಿಂಗಳ ಅಂಕಿಗಳು, ಒಂದೇ ಶಾಯಿ, ಒಂದು ಪುಟವೂ ಮುದುಡಿಲ್ಲ. ರಕ್ತಪರೀಕ್ಷೆ ಬೇರೆಯದನ್ನೇ ಹೇಳುತ್ತಿತ್ತು. ಸಿಸ್ಟರ್ ಎದ್ದು ನಿಂತು ಕಾರಿಡಾರಿಗೆಲ್ಲ ಕೇಳುವಂತೆ ಓದಿದರು.

"ನೂರ ಹತ್ತು, ನೂರ ಹದಿನೈದು, ಮತ್ತೆ ನೂರ ಹತ್ತು! ನೋಡ್ರಪ್ಪಾ, ಇವಳಿಗೆ ಕಾಯಿಲೆನೇ ಇಲ್ಲ. ಯಾರ ಕಿವಿ ಮೇಲೆ ಹೂ ಇಡ್ತೀಯಮ್ಮಾ?"

ಬೆಂಚಿನವರು ನಕ್ಕರು. ಹುಡುಗಿ ಪುಸ್ತಕವನ್ನೂ ಬಿಟ್ಟು ಹೋದಳು. ಮೂರು ಸಲ ಬರದವರ ಫೈಲು ಮುಚ್ಚುವುದು ನಿಯಮ. ಅದನ್ನು ಮುಚ್ಚಿದ ಕೈಯೂ ಸಿಸ್ಟರ್ ಅವರದೇ.

ಮೂರು ವರ್ಷದ ಮೇಲೆ ಕಣ್ಣಿನ ವಿಭಾಗದ ಬಾಗಿಲಲ್ಲಿ ಅವಳು ಅಮ್ಮನ ತೋಳು ಹಿಡಿದು ನಿಂತಿದ್ದಳು. ಎಡಗಣ್ಣು ಹೋಗಿತ್ತು.

"ಯಾಕಮ್ಮಾ ಬರ್ಲೇ ಇಲ್ಲ?" ಎಂದರು ಸಿಸ್ಟರ್.

"ಬಂದಿದ್ನಲ್ಲ. ಅದಕ್ಕೂ ಮುಂಚೆ ನಿಜವಾದ ನಂಬರ್ ತಂದಾಗ ಡಾಕ್ಟ್ರು ಪುಸ್ತಕಾನ ಮುಖಕ್ಕೆ ಎಸೆದಿದ್ರು. ಅದಕ್ಕೇ ನಿಮಗೆ ಇಷ್ಟ ಆಗೋ ನಂಬರ್ ಬರ್ಕೊಂಡು ಬಂದೆ."

ಅಮ್ಮ ಮಗಳನ್ನು ಕರೆದುಕೊಂಡು ಮುಂದೆ ನಡೆದಳು.

ಆಮೇಲೆ ಸಿಸ್ಟರ್ ಎಳೆಯರಿಗೊಂದು ಪ್ರತ್ಯೇಕ ಕೋಣೆ ಕೇಳಿ ಒಂಬತ್ತು ಅರ್ಜಿ ಬರೆದರು. "ಅವರೇನು ಎದೆಹಾಲು ಕುಡಿಯೋ ಕೂಸುಗಳಾ?" ಎಂದರು ಅಂದಿನ ಅಧಿಕಾರಿ. ಕೊನೆಗೆ ತೂಕ ನೋಡುವ ಕೋಣೆಯಲ್ಲೇ, ಶನಿವಾರ ಮಧ್ಯಾಹ್ನ ಕೆಲಸ ಮುಗಿದ ಮೇಲೆ, ಬಾಗಿಲು ಹಾಕಿಕೊಂಡು ಕೂತರು. "ನಂಬರ್ ಆಮೇಲೆ ನೋಡೋಣ. ನಿದ್ದೆ ಬರುತ್ತಾ? ಯಾರ ಹತ್ರ ಜಗಳ ಆಯ್ತು?" ಎಂದೇ ಅವರ ಮಾತು ಶುರುವಾಗುತ್ತಿತ್ತು. ಕಚೇರಿಯ ಕಕ್ಕಸಿನಲ್ಲಿ ಕದ್ದು ಇನ್ಸುಲಿನ್ ಹಾಕಿಕೊಳ್ಳುತ್ತಿದ್ದ ತರುಣನೊಬ್ಬ ಅದನ್ನು ಬಾಯಿಬಿಟ್ಟದ್ದು ಅಲ್ಲಿಯೇ. ಅವನ ಮೇಲಧಿಕಾರಿಗೆ ತಿಳಿಹೇಳಲು ಇವರೇ ಹೋದರು. ಬರದವರಿಗೆ ತಾವೇ ಫೋನು ಮಾಡಿದರು, ಒಂದು ಫೈಲನ್ನೂ ಮುಚ್ಚಲಿಲ್ಲ. ಇದಕ್ಕೆ ಸಂಸ್ಥೆ ಕೊಟ್ಟದ್ದು, ಅನುಮತಿಯಿಲ್ಲದೆ ಕೋಣೆ ಬಳಸಿದ್ದಕ್ಕೆ ಎರಡು ಮೆಮೊ. ಈಗ ಇದೇ ಗ್ರಂಥದ ಮುನ್ನುಡಿ ಅವರನ್ನು ಯುವಚಿಕಿತ್ಸೆಯ ತಾಯಿ ಎಂದು ಕರೆಯುತ್ತಿದೆ. ಅವರ ಹುದ್ದೆ ರದ್ದಾಗಿದೆ, ಆ ಕೋಣೆಗೆ ಮುರಿದ ಕುರ್ಚಿಗಳು ಬರಲಿವೆ.

ಈ ಸಂಪುಟಕ್ಕೆ ನಾಲ್ಕು ಮಾತು ಕೇಳಲು ಲೇಖಕಿ ಆ ಹುಡುಗಿಯನ್ನು, ಈಗ ನಲವತ್ತು ದಾಟಿದ ಹೆಂಗಸನ್ನು, ಹುಡುಕಿಕೊಂಡು ಹೋಗಿದ್ದಳು.

"ಆಮೇಲೆ ಬಂದವರಿಗೆ ಒಳ್ಳೇದು ಮಾಡಿದಾರಂತೆ, ಕೇಳಿದೀನಿ. ಸಂತೋಷ. ಆದ್ರೆ ಅವರು ಕಲಿಯೋಕೆ ನನ್ನ ಕಣ್ಣೇ ಬೇಕಿತ್ತಾ?" ಎಂದಳು. ಬರೆದುಕೊಡಲು ಒಪ್ಪಲಿಲ್ಲ.

ಅದನ್ನು ಕೇಳಿದ ಸಿಸ್ಟರ್, "ಅವಳು ಹೇಳಿದ್ದನ್ನ ಹಾಗೇ ಬರಿ. ನಯ ಮಾಡ್ಬೇಡ" ಎಂದರು.

ಹಾಗೆಯೇ ಬರೆದಿದೆ. ಸಿಸ್ಟರ್ ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಆರೋಗ್ಯವೂ ಇರಲಿ. ವಿಶ್ರಾಂತಿ ಸಿಗಲಿ ಎಂದು ಹಾರೈಸುವ ಮುಖ ನಮಗಿಲ್ಲ. ಬರುವ ಶನಿವಾರ ಎಲ್ಲಿಗೆ ಬರಬೇಕೆಂದು ಹದಿನಾಲ್ಕು ಮಂದಿ ಎಳೆಯರು ಕೇಳಿದ್ದಾರೆ. ಸಂಸ್ಥೆ ಉತ್ತರಿಸಿಲ್ಲ, ಸಿಸ್ಟರ್ ತಮ್ಮ ಮನೆಯ ವಿಳಾಸ ಕೊಟ್ಟಿದ್ದಾರೆ.