ನಲವತ್ತರ ಕಾಲರ್

ಮೂವತ್ತೈದು ತುಂಬುವವರೆಗೆ ನಾನು ಮನೆಯಲ್ಲಿ ಹುಟ್ಟುಹಬ್ಬ ಆಚರಿಸಿಕೊಂಡವಳಲ್ಲ. ಲಗ್ಗೆರೆಯ ವಠಾರದಲ್ಲಿ ಒಂದು ರೂಮು, ಒಂದು ಅಡುಗೆಮನೆಯಲ್ಲಿ ಬೆಳೆದ ನನಗೆ ಹುಟ್ಟಿದ ದಿನವೆಂದರೆ, ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ತಮಗೆ ತೋಚಿದಂತೆ ಬರೆದುಕೊಂಡ ಒಂದು ತಾರೀಖು, ಅಷ್ಟೆ. ಬಿ.ಎಸ್ಸಿ., ಬಿ.ಎಡ್. ಮುಗಿಸಿ, ನಮ್ಮ ವಂಶದಲ್ಲೇ ಮೊದಲ ಪದವೀಧರೆ ಎನಿಸಿಕೊಂಡು ಬಸವೇಶ್ವರನಗರದ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಆಗಿ ಸೇರಿದ ಮೇಲೆ, ಸ್ಟಾಫ್‌ರೂಮಿನಲ್ಲಿ ಆ ತಾರೀಖಿಗೆ ಕೇಕ್ ಬರತೊಡಗಿತು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ರುಚಿ ಹತ್ತಿತು.

ಮೂವತ್ತೈದಕ್ಕೆ ಒಂದು ನಿಯಮ ಮಾಡಿಕೊಂಡೆ. ಪ್ರತಿ ಹುಟ್ಟುಹಬ್ಬಕ್ಕೆ ಕೈಯಾರೆ ಏನಾದರೊಂದು ಮಾಡಬೇಕು. ನಾನು ಓದಿ ಗೆದ್ದವಳು; ಅದರ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಆದರೆ ಪೆನ್ನು, ಸೀಮೆಸುಣ್ಣ ಬಿಟ್ಟರೆ ಈ ಕೈಗೆ ಬೇರೇನೂ ಬರುತ್ತಿರಲಿಲ್ಲ. ಮೊದಲ ವರ್ಷ ಮಾಡಿದ ಮಣ್ಣಿನ ಲೋಟ ಒಂದು ಕಡೆ ವಾಲಿತು, ಈಗ ಅದರಲ್ಲಿ ಬಾಚಣಿಗೆ ಇಡುತ್ತೇವೆ. ಇನ್ನೊಂದು ವರ್ಷ ಸ್ಟೂಲಿನ ಮೇಲೆ ಬಳ್ಳಿಯ ಚಿತ್ರ ಬರೆದೆ. ಅಮ್ಮ ಬಗ್ಗಿ ನೋಡಿ, "ಹಾಗಲಕಾಯಿ ಚೆನ್ನಾಗಿ ಬಂದಿದೆ ಕಣೇ" ಎಂದಳು. ಅದು ಮಲ್ಲಿಗೆ ಮೊಗ್ಗು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ನಲವತ್ತಕ್ಕೆ ಶರ್ಟ್ ಹೊಲಿಯಬೇಕು, ಅದೂ ಅಮ್ಮನ ಕೈಯಲ್ಲಿ ಕಲಿತು ಹೊಲಿಯಬೇಕು ಎಂದು ತೀರ್ಮಾನಿಸಿದೆ.

ಅಮ್ಮ ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್‌ಗೆ ಹೋದವಳು. ಮನೆಯಲ್ಲೂ ಒಂದು ಹಳೆಯ ಪೆಡಲ್ ಮಿಷಿನ್ ಇತ್ತು, ಈಗಲೂ ಇದೆ. ಅದನ್ನು ನಾನು ಮುಟ್ಟುವಂತಿರಲಿಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಆಸೆಗೆ ಪೆಡಲ್ ಮೇಲೆ ಕಾಲಿಟ್ಟೆ. ಅಮ್ಮ ರಟ್ಟೆ ಹಿಡಿದು ಎಬ್ಬಿಸಿದಳು. "ಮಿಷಿನ್ ಬಂದ್ರೆ ನಾಳೆ ನಿನ್ನೂ ಗಾರ್ಮೆಂಟ್ಸಲ್ಲೇ ತಂದು ಕೂರಿಸ್ತಾರೆ. ಬರದೇ ಇದ್ರೆ ಯಾರೂ ಕರೆಯಲ್ಲ. ಹೋಗು, ಓದ್ಕೋ." ನನ್ನ ಡಿಗ್ರಿಯ ತಳಪಾಯವೇ ಈ ಮಾತು. ನನ್ನ ವಾರಿಗೆಯ ಹುಡುಗಿಯರು ಬ್ಲೌಸ್ ಹೊಲಿಯಲು ಕಲಿಯುತ್ತಿದ್ದಾಗ ನಾನು ಗುಂಡಿ ಹಚ್ಚುವುದನ್ನೂ ಕಲಿಯಲಿಲ್ಲ.

ಈಗ ಅಮ್ಮ ಮಾರೇನಹಳ್ಳಿಯಲ್ಲಿ ನನ್ನ ಜೊತೆಯಲ್ಲೇ ಇದ್ದಾಳೆ. ಹುಟ್ಟುಹಬ್ಬಕ್ಕೆ ಎರಡು ವಾರವಿದ್ದಾಗ ನೀಲಿ ಕಾಟನ್ ಬಟ್ಟೆ ತಂದು ಅವಳ ಮುಂದಿಟ್ಟೆ.

"ಅಮ್ಮ, ನಂಗೆ ಶರ್ಟ್ ಹೊಲಿಯೋದು ಹೇಳ್ಕೊಡು."

"ಡಿಗ್ರಿ ಮಾಡಿ ಮಿಷಿನ್ ಮುಂದೆ ಕೂರ್ತೀಯಾ? ನಾಚ್ಕೆ ಆಗಲ್ವಾ?"

"ಕೆಲಸಕ್ಕಲ್ಲಮ್ಮ, ಖುಷಿಗೆ."

"ಮಿಷಿನ್ ಮುಂದೆ ಖುಷಿ ಅಂತೆ. ನಮ್ಮ ಸೂಪರ್‌ವೈಸರ್ ಕೇಳಿದ್ರೆ ನಗ್ತಿದ್ದ."

ಮೂರು ದಿನ ಇದೇ ಆಯಿತು. ನಾಲ್ಕನೆಯ ದಿನ ಹುರುಳಿಕಾಯಿ ನಾರು ತೆಗೆಯುತ್ತಾ, ತಲೆ ಎತ್ತದೆ ಹೇಳಿದಳು: "ನಂಗೆ ಶರ್ಟ್ ಬರಲ್ಲ ಕಣೇ."

ನಾನು ತಮಾಷೆ ಎಂದುಕೊಂಡೆ.

"ಕಾಲರ್ ಬರುತ್ತೆ. ಇಪ್ಪತ್ತೆರಡು ವರ್ಷ ಬರೀ ಕಾಲರ್. ಪಕ್ಕದವಳಿಂದ ಬರೋದು, ನಾನು ಹೊಲಿಯೋದು, ಮುಂದಕ್ಕೆ ತಳ್ಳೋದು. ತೋಳು ಯಾರು ಹಚ್ತಿದ್ರು, ಗುಂಡಿ ಯಾರು ಹಾಕ್ತಿದ್ರು ಅಂತ ತಿರುಗಿ ನೋಡೋಕೆ ಟೈಮ್ ಎಲ್ಲಿತ್ತು? ಟಾರ್ಗೆಟ್ ಇರ್ತಿತ್ತು."

ಲಕ್ಷಗಟ್ಟಲೆ ಶರ್ಟಿಗೆ ಕತ್ತು ಕೊಟ್ಟವಳಿಗೆ ಒಂದು ಶರ್ಟೂ ಬಾರದು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನನಗಿದು ಗೊತ್ತಿರಲಿಲ್ಲ. ಅವಳು ಬೇಡ ಬೇಡ ಎಂದದ್ದರಲ್ಲಿ ಅರ್ಧ ಹಳೆಯ ಹಟ, ಇನ್ನರ್ಧ ಈ ಸಂಕೋಚ ಎಂದು ಆಗ ತಿಳಿಯಿತು. ಕಲಿತರೆ ಇವಳ ಹತ್ತಿರವೇ ಕಲಿಯಬೇಕೆಂಬ ನನ್ನ ಆಸೆ ಇನ್ನೂ ಗಟ್ಟಿಯಾಯಿತು.

"ಹಂಗಾದ್ರೆ ತೋಳು ಬರೋರನ್ನ ಕರಿ" ಎಂದೆ.

ಅಮ್ಮ ನಕ್ಕಳು. ಆಮೇಲೆ ನಿಜವಾಗಿಯೂ ಫೋನ್ ತೆಗೆದುಕೊಂಡಳು. ಅವಳ ಲೈನಿನಲ್ಲಿದ್ದ ಇಬ್ಬರು ಗೆಳತಿಯರು ಇನ್ನೂ ಲಗ್ಗೆರೆಯಲ್ಲೇ ಇದ್ದಾರೆ. ಒಬ್ಬರು ತೋಳು ಹಚ್ಚುತ್ತಿದ್ದವರು. ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಕಟಿಂಗ್ ಕೂಡ ಕಲಿತಿದ್ದಾರೆ. ಇನ್ನೊಬ್ಬರು ಗುಂಡಿ, ಕಾಜಾ ಮಾಡುತ್ತಿದ್ದವರು. "ಮಗಳದ್ದು ಕಣೇ. ನಲವತ್ತು. ಒಂದು ಶರ್ಟ್ ಆಗ್ಬೇಕು, ಬಟ್ಟೆ ಇದೆ" ಎಂದು ಅಮ್ಮ ಕೂಗಿ ಹೇಳಿದ್ದು ನನಗೂ ಕೇಳಿಸಿತು. ಮರುದಿನವೇ ತೋಳಿನ ಆಂಟಿ ಬಂದು, ಟೀ ಕುಡಿದು, ಕತ್ತರಿಸಿ ತರುತ್ತೇನೆಂದು ಬಟ್ಟೆ ಒಯ್ದರು. ನಾನಾಗ ಸ್ಕೂಲಿನಲ್ಲಿದ್ದೆ.

ಹುಟ್ಟುಹಬ್ಬ ಭಾನುವಾರ ಬಂತು. ತಿಂಡಿಯ ಹೊತ್ತಿಗೇ ಇಬ್ಬರೂ ಹಾಜರು. ಕೇಕ್ ಡಬ್ಬಿಯ ದಾರ ಕತ್ತರಿಸಲು ನಾನು ಮಿಷಿನ್ ಮೇಲಿದ್ದ ಕತ್ತರಿಗೆ ಕೈ ಹಾಕಿದ್ದೇ ತಡ, ಮೂವರೂ ಒಟ್ಟಿಗೆ ಕಿರುಚಿದರು: "ಬಟ್ಟೆ ಕತ್ರಿ ಅದು!"

ನನಗೆ ಕೊಟ್ಟ ಕೆಲಸ ಹೆಲ್ಪರದ್ದು. ಹೊಲಿದು ಬಂದ ತುಂಡಿನ ನೂಲು ಕತ್ತರಿಸುವುದು, ಟೀ ಕೊಡುವುದು. "ಟೀಚರಮ್ಮ, ಬೇಗ ಬೇಗ, ಪೀಸ್ ನಿಂತೋಯ್ತು" ಎಂದು ಗುಂಡಿ ಆಂಟಿ ಗದರುತ್ತಿದ್ದರು. ಮಿಷಿನ್ ಒಂದೇ, ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಆದರೂ ಅದು ಲೈನೇ. ಯಾರೂ ಯಾರ ಕೆಲಸಕ್ಕೂ ಕೈ ಹಾಕಲಿಲ್ಲ. ಅಮ್ಮನ ಸರದಿ ಬಂದಾಗ ನಾನು ನೂಲು ಬಿಟ್ಟು ನೋಡಿದೆ. ಅವಳು ಬಟ್ಟೆ ನೋಡುತ್ತಲೇ ಇರಲಿಲ್ಲ. ಸೀರಿಯಲ್‌ನ ಅತ್ತೆಯನ್ನು ಬೈಯುತ್ತಾ ಇದ್ದಳು, ಕೈ ತನ್ನ ಪಾಡಿಗೆ ಕಾಲರಿನ ಮೂಲೆ ತಿರುಗಿಸುತ್ತಿತ್ತು. ಮೂಲೆ ಚೂಪಾಗಿ, ಎರಡೂ ಕಡೆ ಒಂದೇ ಸಮ.

"ನಾನೂ ಒಂದು ಸಾಲು ಹೊಲಿತೀನಮ್ಮ" ಎಂದೆ.

"ಸುಮ್ನೆ ಇರು, ಹಾಳು ಮಾಡ್ತೀಯ."

ಮಧ್ಯಾಹ್ನ ಮೂರರ ಹೊತ್ತಿಗೆ ಶರ್ಟ್ ಮುಗಿಯಿತು. ಕೈಯಲ್ಲಿ ಮಾಡಿದ ಕಾಜಾಗಳು ಇರುವೆ ಸಾಲಿನಷ್ಟು ನೀಟು. ಒಳಗೆ ಹೋಗಿ ಹಾಕಿಕೊಂಡು ಬಂದೆ. ಬೆರಳ ತುದಿ ದಾಟಿ ತೋಳು ಜೋಲಾಡುತ್ತಿತ್ತು. ಮೇಲಿನ ಗುಂಡಿ ಹಾಕಿದರೂ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಯುವಷ್ಟು ಜಾಗವಿತ್ತು.

ಮೂವರೂ ನನ್ನನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ಎಷ್ಟಕ್ಕೆ ಕಟ್ ಮಾಡ್ದೆ?" ಅಮ್ಮ ಕೇಳಿದಳು.

"ನೀನೇ ಹೇಳಿದ್ಯಲ್ಲಕ್ಕ, ನಲವತ್ತು ಅಂತ!"

"ಅಯ್ಯೋ, ನಲವತ್ತು ವರ್ಷ ಕಣೇ! ವಯಸ್ಸು!"

ಗಾರ್ಮೆಂಟ್ಸ್‌ನಲ್ಲಿ ನಲವತ್ತು ಎಂದರೆ ಗಂಡಸರ ಶರ್ಟಿನ ಸೈಜು, ಕಾಲರ್ ನಲವತ್ತು ಸೆಂಟಿಮೀಟರ್. ಅವರ ಕಿವಿಗೆ ಆ ಮಾತು ಬೇರೆ ಯಾವ ಅರ್ಥದಲ್ಲೂ ಬೀಳುವಂತಿರಲಿಲ್ಲ. ತೋಳಿನ ಆಂಟಿ ಹಾಗೆ ಕತ್ತರಿಸಿದ್ದರು. ಅಮ್ಮನ ಕೈ ಸಾವಿರಾರು ಸಲ ಹೊಲಿದ ಅಳತೆ ಸಿಕ್ಕಿದ್ದಕ್ಕೆ ಮರುಪ್ರಶ್ನೆ ಇಲ್ಲದೆ ಹೊಲಿದುಬಿಟ್ಟಿತ್ತು.

"ಅದಕ್ಕೇ ಅಂದ್ಕೊಂಡೆ," ತೋಳಿನ ಆಂಟಿ ಬಾಯಿಗೆ ಸೆರಗು ಒತ್ತಿಕೊಂಡು ಹೇಳಿದರು, "ಪಾಪ, ಮಗು ಸ್ಕೂಲಲ್ಲಿ ಕೂತೂ ಕೂತೂ ದಪ್ಪ ಆಗಿರ್ಬೇಕು ಅಂತ."

ಗುಂಡಿ ಆಂಟಿ ನಗುತ್ತಾ ನೆಲಕ್ಕೇ ಕೂತರು. ಅಮ್ಮನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಆ ಉದ್ದ ತೋಳು ಬೀಸುತ್ತಾ ನಾನೂ ನಕ್ಕೆ.

ನಗು ನಿಂತ ಮೇಲೆ ಅಮ್ಮ ನನ್ನ ಸುತ್ತ ಒಂದು ಸುತ್ತು ಬಂದಳು. ಮೈ ಲೂಸಿದ್ದರೆ ಇರಲಿ, ಈಗ ಎಲ್ಲರೂ ಲೂಸನ್ನೇ ಹಾಕುವುದು, ತೋಳು ಮಡಿಸಬಹುದು, ಬೆನ್ನಿನ ಕಡೆ ಒಂದು ಮಡಿಕೆ ಹಿಡಿದರೆ ಕತ್ತು ಸರಿಹೋಗುತ್ತದೆ. ಕಾಲರ್ ಮಾತ್ರ ಹೊಸದಾಗಿ ಆಗಬೇಕು ಎಂದಳು. ಬಟ್ಟೆ ಮಿಕ್ಕಿತ್ತು. ತೋಳಿನ ಆಂಟಿ ಈ ಸಲ ನನ್ನ ಕತ್ತಿಗೇ ಟೇಪು ಸುತ್ತಿ ಕತ್ತರಿಸಿ ಕೊಟ್ಟರು.

ಅಮ್ಮ ತುಂಡುಗಳನ್ನು ಹಿಡಿದು ಮಿಷಿನ್ ಮುಂದೆ ಕೂತಳು. ಸೂಜಿಗೆ ನೂಲು ಪೋಣಿಸಿದಳು. ಬಟ್ಟೆಯನ್ನು ಸೂಜಿಯ ಕೆಳಗಿಟ್ಟಳು. ಆಮೇಲೆ ಎದ್ದು ನಿಂತಳು.

"ಬಾ, ಕೂತ್ಕೋ."

"ನಾನಾ?"

"ಮತ್ತೆ ಇನ್ಯಾರು? ನಿನ್ನನ್ನ ಇನ್ನು ಯಾರು ತಾನೇ ಗಾರ್ಮೆಂಟ್ಸ್‌ಗೆ ಕರೀತಾರೆ, ಈ ವಯಸ್ಸಲ್ಲಿ?"

ಕೂತೆ. ಪೆಡಲ್ ಮೊದಲು ಹಿಂದಕ್ಕೆ ತಿರುಗಿ ನೂಲು ಕಿತ್ತುಹೋಯಿತು. ಎರಡನೆಯ ಸಲ ಹೊಲಿಗೆ ಹಾವಿನಂತೆ ಹರಿಯಿತು. ಅಮ್ಮ ಅದನ್ನು ಬೆಳಕಿಗೆ ಹಿಡಿದು, "ರಿಜೆಕ್ಟ್" ಎಂದು ಬಿಚ್ಚಿ ಕೊಟ್ಟಳು. ಮೂರನೆಯ ಸಲ ನನ್ನ ಹಿಂದೆ ನಿಂತು, ನನ್ನ ಎರಡೂ ಕೈಗಳ ಮೇಲೆ ತನ್ನ ಕೈಯಿಟ್ಟಳು. "ಬಟ್ಟೆ ಎಳೀಬೇಡ. ಅದೇ ಹೋಗುತ್ತೆ. ಮೂಲೆ ಬಂದಾಗ ಸೂಜಿ ಒಳಗೇ ಇರ್ಲಿ. ಹ್ಞಾ, ಈಗ ತಿರುಗಿಸು."

ತಿರುಗಿಸಿದೆ. ಎಡಗಡೆಯ ಮೂಲೆ ಚೂಪಾಗಿ ಬಂತು, ಬಲಗಡೆಯದು ಮೊಂಡಾಯಿತು. ಅಮ್ಮ ಬಹಳ ಹೊತ್ತು ನೋಡಿದಳು.

"ಇನ್ನೊಂದ್ಸಲ ಬಿಚ್ಚೋಣ್ವಾ?" ಎಂದೆ.

"ಬೇಡ," ಎಂದಳು. ಗೆಳತಿಯರ ಕಡೆ ತಿರುಗಿ, ಕಾಲರನ್ನು ಎತ್ತಿ ತೋರಿಸಿದಳು. "ನೋಡ್ರೇ, ನಮ್ಮ ಟೀಚರಮ್ಮ ಹೊಲಿದಿದ್ದು."