ಅಮ್ಮನ ಬೆನ್ನು ಉಜ್ಜುವಾಗ

ಅಮ್ಮನ ಎದೆಯ ಗಂಟು ಕರಗುತ್ತಿತ್ತು. ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ನನಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ. ಚನ್ನಗಿರಿಯಿಂದ ದಾವಣಗೆರೆಗೆ ಬಸ್ಸಲ್ಲಿ ಹೋಗಿ ಮೂರನೇ ಸಲ ಕ್ಯಾನ್ಸರಿನ ಕೆಂಪು ಇಂಜೆಕ್ಷನ್ ಹಾಕಿಸಿಕೊಂಡು ಬಂದ ಮೇಲೆ ಅಪ್ಪ ಬಾಗಿಲಿಗೆ ಬಂದವರಿಗೆಲ್ಲ ಹೇಳತೊಡಗಿದ್ದ: "ಗೋಟಡಿಕೆಯಷ್ಟಿತ್ತು. ಈಗ ಕಡಲೆಕಾಳು!"

"ಊರಿಗೆಲ್ಲ ಡಂಗುರ ಹೊಡೀರಿ. ನನ್ನ ಎದೆ ನಿಮ್ಮ ಅಡಿಕೆ ಮಂಡಿ ಆಗೈತೆ" ಎಂದು ಕೂದಲುದುರಿದ ತಲೆಗೆ ಸೆರಗು ಬಿಗಿಯುತ್ತ ಅಮ್ಮ ಒಳಗಿಂದ ಬೈಯುತ್ತಿದ್ದಳು.

ಗಂಟು ಸಣ್ಣದಾದರೆ ಆಪರೇಷನ್ ಮಾಡಿ ತೆಗೆದುಬಿಡೋಣ, ರೋಗ ಬೇರೆ ಕಡೆ ಹೋಗಿರಬಾರದು ಅಷ್ಟೆ, ಎಂದಿದ್ದರು ಡಾಕ್ಟರು. ಅಮ್ಮ ಮಾತಿನ ಮೊದಲರ್ಧವನ್ನಷ್ಟೇ ಮನೆಗೆ ತಂದಿದ್ದಳು.

ಅವಳಿಗೆ ಎಣ್ಣೆನೀರು ಹಾಕುತ್ತಿದ್ದವಳು ನಾನು. ಬೆನ್ನುಜ್ಜುವಾಗ ಸೊಂಟದ ಮೇಲೆ ಒಂದು ಕಡೆ ಕೈ ತಾಗಿದರೆ ಅವಳ ಭುಜ ಕಿವಿಯವರೆಗೆ ಏರುತ್ತಿತ್ತು.

"ನೋವೇನಮ್ಮಾ?"

"ಬಸ್ಸಿನ ಸೀಟು ಹಂಗೈತೆ. ನಿಮ್ಮಪ್ಪನ ಮುಂದೆ ಒದರಬೇಡ."

ಮುಂದಿನ ವಾರ ಅಲ್ಲಿ ಮುಟ್ಟಲು ಬಿಡಲಿಲ್ಲ. ಆಮೇಲೆ ಮಣೆ ಬಿಟ್ಟು ನಿಂತೇ ಸ್ನಾನ ಮಾಡಿದಳು. ಇದೇ ಕ್ರಮದಲ್ಲಿ ನಡೆಯಿತೋ, ನಾನೀಗ ಹೀಗೆ ಜೋಡಿಸುತ್ತಿದ್ದೇನೋ. ನಿಂತದ್ದು ಮಾತ್ರ ನಿಜ. ಎಣ್ಣೆಯ ನೀರು ನನ್ನ ಸೀರೆಗೆಲ್ಲ ಸಿಡಿಯುತ್ತಿತ್ತು.

ನಾಲ್ಕನೇ ಸಲ ನಾನೂ ಜೊತೆಗೆ ಹೋದಾಗ ಡಾಕ್ಟರು ಗಂಟು ಒತ್ತಿ ನೋಡಿ ನಕ್ಕರು. ಅಪ್ಪನೂ ನಕ್ಕ. "ಆಪರೇಷನ್‌ಗೆ ದಿನ ನೋಡೋಣ" ಎಂದರು ಡಾಕ್ಟರು.

"ಬೆನ್ನೂ ನೋಡ್ರಿ ಸರ್" ಎಂದೆ.

ಅಮ್ಮ ನನ್ನತ್ತ ತಿರುಗಿದಳು. ಆ ಮುಖವನ್ನು ಎಷ್ಟೋ ಸಲ ಬರೆದು ಹೊಡೆದುಹಾಕಿದ್ದೇನೆ. ಯಾವುದೂ ಅವಳದಲ್ಲ.

ಡಾಕ್ಟರು ಬೆನ್ನುಮೂಳೆಯ ಮೇಲೆ ಬೆರಳಿನಿಂದ ತಟ್ಟುತ್ತ ಇಳಿದರು. ಆ ಜಾಗ ಬಂದಾಗ ಅಮ್ಮ ಕೂಗಲಿಲ್ಲ, ಮಂಚದ ಕಬ್ಬಿಣ ಹಿಡಿದಳು.

ಎಕ್ಸ್‌ರೇ ಬಂತು. ಎದೆಯ ರೋಗವೇ ಮೂಳೆಗೆ ಇಳಿದಿದೆ ಎಂದರು.

"ಅದೇ ರೋಗ ಅಂದ್ಮೇಲೆ ಅದೇ ಔಷಧಿಗೆ ಕರಗಬೇಕಲ್ರೀ?" ಅಪ್ಪನ ದನಿ ಏರಿತ್ತು.

"ಬೇರೆ ಕಡೆ ಹೋಗಿ ನೆಲೆಸಿದ್ದು ಮೊದಲಿನ ಹಾಗೇ ಉಳಿಯಲ್ಲ. ಔಷಧಿ ಒಂದೇ ಆದ್ರೂ ಎದೆಯಲ್ಲಿ ಕೆಲಸ ಮಾಡ್ತು, ಮೂಳೆಯಲ್ಲಿ ಮಾಡಲಿಲ್ಲ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಈಗ ಎದೆ ಕೊಯ್ದು ಉಪಯೋಗ ಇಲ್ಲ. ಬೆನ್ನಿಗೆ ಕರೆಂಟ್, ಅಂದ್ರೆ ರೇಡಿಯೇಷನ್, ಕೊಡಿಸೋಣ, ನೋವಾದ್ರೂ ಇಳಿಯುತ್ತೆ."

ವಾಪಸು ಬರುವಾಗ ಅಪ್ಪ ಟವೆಲು ಮಡಿಸಿ ಅವಳ ಬೆನ್ನಿಗಿಟ್ಟ. "ಪಾಪ, ಈ ಸೀಟಿಗೆ ಸುಮ್ನೆ ಬೈದೆ" ಎಂದಳು ಅಮ್ಮ. ನನ್ನ ಜೊತೆ ಮಾತಿಲ್ಲ.

ಮುಂದಿನ ಎಣ್ಣೆನೀರಿನ ದಿನ ಅವಳೇ ಮಣೆ ಎಳೆದುಕೊಂಡು, ಗೋಡೆ ಹಿಡಿದು ಕೂತಳು. ಬೆನ್ನು ನನ್ನ ಕಡೆಗಿತ್ತು.

"ಅಲ್ಲಿ ಮೆಲ್ಲಗೆ" ಎಂದಳು.