ಅನುಸೂಯಮ್ಮ ಕಾಯ್ದ ಎಕ್ಕಡ

ನಮ್ಮ ಕಯಾಕ್ ಕ್ಲಬ್ಬಿನಲ್ಲಿ ಒಬ್ಬರು ಬಿಟ್ಟ ಚಪ್ಪಲಿಯನ್ನು ಇನ್ನೊಬ್ಬರು ನೆಲದಿಂದ ಎತ್ತುವಂತಿಲ್ಲ. ಇದು ಕ್ಲಬ್ಬಿನ ನಿಯಮಾವಳಿಯಲ್ಲಿ ಇಲ್ಲ, ಅನುಸೂಯಮ್ಮನ ನಿಯಮ. ನೀರಿಗಿಳಿಯುವವರು ಕೆರೆ ಏರಿಯ ಮೇಲೆ, ಹುಣಸೆಮರದ ಬುಡದಲ್ಲಿ ಚಪ್ಪಲಿ ಬಿಡಬೇಕು. ಅವರ ದೋಣಿ ದಡ ಬಿಟ್ಟ ಮೇಲೆ ಆಕೆ ಬಂದು, ಒಂದೊಂದು ಜೊತೆಯನ್ನೂ ನೆಲದ ಮೇಲೆಯೇ ಜರುಗಿಸಿ, ಮೂತಿ ಊರಿನ ಕಡೆಗೆ ಬರುವಂತೆ ತಿರುಗಿಸಿಡುತ್ತಾಳೆ. ಬಿಟ್ಟವರು ವಾಪಸು ಬಂದು ತಾವೇ ಕಾಲು ತೂರಿಸುವವರೆಗೆ ಅದನ್ನು ಯಾರೂ ಕದಲಿಸಬಾರದು.

ನಾನು ಮುರಿಗೆಪ್ಪ. ರಾಣೆಬೆನ್ನೂರಿನವನು. ಮೂವತ್ತೆರಡು ವರ್ಷ ಎಂಜಿನಿಯರ್ ಆಗಿ ಹಳ್ಳಿ ಕೆರೆಗಳ ಏರಿ, ಕೋಡಿ, ತೂಬು ನೋಡಿಕೊಂಡಿದ್ದು ನಿವೃತ್ತನಾದೆ. ಈಗ ಬೇಗೂರಿನಾಚೆ ಮಗಳು ಮೇಘಾಳ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ವಾಸ. ಕಿಟಕಿಯಿಂದ ನೋಡಿದರೆ ದೊಡ್ಡತೂಬಿನ ಕೆರೆ, ಅದರಾಚೆ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು. ಭಾನುವಾರ ಬೆಳಿಗ್ಗೆ ಆರಕ್ಕೆ ಮೇಘಾ ಕಯಾಕ್ ನಡೆಸಲು ಹೋಗುತ್ತಾಳೆ, ನಾನು ಅವಳ ಜೊತೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಗೊಣಗುತ್ತೇನೆ.

ಗೊಣಗುವುದಕ್ಕೆ ಕಾರಣಗಳಿಗೇನೂ ಬರವಿಲ್ಲ. ವಾರವಿಡೀ ಕುರ್ಚಿಗೆ ಅಂಟಿಕೊಂಡವರು ಭಾನುವಾರ ಪ್ಲಾಸ್ಟಿಕ್ ದೋಣಿಗೆ ಅಂಟಿಕೊಳ್ಳುತ್ತಾರೆ. ಅಧ್ಯಕ್ಷ ಹರ್ಷವರ್ಧನ್ ಯಾವುದೋ ಕಂಪನಿಯಲ್ಲಿ ದೊಡ್ಡ ಮ್ಯಾನೇಜರ್. ಹತ್ತು ನಿಮಿಷ ಹುಟ್ಟು ಹಾಕುವ ಮುಂಚೆ ಇಪ್ಪತ್ತು ನಿಮಿಷ ಭಾಷಣ ಮಾಡುತ್ತಾನೆ. ಒಳ್ಳೆಯ ಹುಡುಗನೇ, ಆದರೆ ಎಲ್ಲವನ್ನೂ ಓರಣ ಮಾಡುವ ಚಟ.

ಆ ಗದ್ದಲದಲ್ಲಿ ಮಾತಿಗೆ ಸಿಕ್ಕವಳು ಅನುಸೂಯಮ್ಮ. ಐವತ್ತೆಂಟು ವರ್ಷ, ಕಡ್ಡಿಯಂಥ ಮೈ. ಇಪ್ಪತ್ತೆರಡು ವರ್ಷ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿದು, ಮಂಡಿ ಸವೆದ ಮೇಲೆ ಅಲ್ಲಿಂದ ಬಿಟ್ಟು ಬಂದವಳು. ಕ್ಲಬ್ಬಿನ ಲೈಫ್ ಜಾಕೆಟ್ಟುಗಳನ್ನು ತೊಳೆದು ಒಣಗಿಸುವುದು, ಕಿತ್ತ ಪಟ್ಟಿ ಹೊಲಿಯುವುದು, ಷೆಡ್ಡಿನ ಬೀಗ ನೋಡಿಕೊಳ್ಳುವುದು ಅವಳ ಕೆಲಸ. ಅವಳು ಹೊಲಿದ ಪಟ್ಟಿ ಮತ್ತೆ ಕಿತ್ತದ್ದನ್ನು ನಾನು ನೋಡಿಲ್ಲ.

ಅವಳ ಮನೆತನ ಈ ಕೆರೆಯ ನೀರಗಂಟಿಯದು. ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ, ನಿಲ್ಲಿಸುವ ಕೆಲಸ ತಲೆಮಾರಿನಿಂದ ಅವರದು. ಕೆರೆಯೊಳಗೆ, ದಡದಿಂದ ಸ್ವಲ್ಪ ದೂರದಲ್ಲಿ, ಎರಡು ಕಲ್ಲುಕಂಬ ನಿಲ್ಲಿಸಿದ ತೂಬು ಈಗಲೂ ಇದೆ. ಅದರ ಬುಡದ ಕಿಂಡಿಗೆ ಮರದ ಬೆಣೆ. ಬೆಣೆ ಕಚ್ಚಿಕೊಂಡರೆ ನೀರಗಂಟಿ ಮುಳುಗಿ ಬಿಡಿಸಬೇಕಿತ್ತು. ಮುಳುಗುವ ಮುಂಚೆ ಅವನು ಏರಿಯ ಮೇಲೆ ತನ್ನ ಎಕ್ಕಡ ಬಿಡುತ್ತಿದ್ದ. ಎದ್ದು ಬರುವವನಿಗೆ ದಡ ತೋರುವುದು ಆ ಎಕ್ಕಡವೇ, ಅದನ್ನು ಎತ್ತಿದರೆ ಅವನಿಗೆ ದಾರಿ ಸಿಗುವುದಿಲ್ಲ ಎಂಬುದು ಆ ಮನೆಯವರ ನಂಬಿಕೆ.

ಅನುಸೂಯಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ ಅವಳ ಅಪ್ಪ ಆವಲಪ್ಪ ಹಾಗೆ ಮುಳುಗಿದವನು ಏಳಲಿಲ್ಲ. ಬೆಣೆ ಬಿಟ್ಟಿತ್ತು, ಗದ್ದೆಗೆ ನೀರು ಹರಿದಿತ್ತು. ಮೂರು ದಿನ ಹುಡುಕಿದರೂ ಹೆಣ ಸಿಗಲಿಲ್ಲ. ಏರಿಯ ಮೇಲೆ ಎಕ್ಕಡವೂ ಇರಲಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ಓಡಾಡಿದವನು ಆವಲಪ್ಪನ ತಮ್ಮ ಗೋಪಾಲಪ್ಪ, ಅವನೇ ಎತ್ತಿದ್ದು ಎಂದು ಅವಳ ತಾಯಿ ಸಿದ್ದಕ್ಕ ಹಿಡಿದ ಹಟ ಬಿಡಲಿಲ್ಲ. ಗೋಪಾಲಪ್ಪ ಸಾಯುವವರೆಗೂ ಆಕೆ ಅವನಿಗೆ ಒಂದು ಲೋಟ ನೀರು ಕೊಡಲಿಲ್ಲ. ಹೆಣ ನೋಡದೆ ಬಳೆ ತೆಗೆಯುವುದಿಲ್ಲ ಎಂದಳು. ಈಗ ತೊಂಬತ್ತು ಸಮೀಪಿಸಿದೆ, ಹಾಸಿಗೆ ಹಿಡಿದಿದ್ದಾಳೆ, ಮಾತು ನಿಂತು ವರ್ಷವಾಗಿದೆ, ಕೈಯಲ್ಲಿ ಹಸಿರು ಬಳೆ ಹಾಗೆಯೇ ಇವೆ.

ಮಧ್ಯೆ ಕೆರೆ ಬತ್ತಿತು, ಚರಂಡಿ ನೀರು ತುಂಬಿತು, ಆಮೇಲೆ ಹೂಳೆತ್ತಿದರು. ಮೂರು ತಿಂಗಳು ಜೆಸಿಬಿ ಕೆಲಸ ಮಾಡಿತಂತೆ. ಅಷ್ಟೂ ದಿನ ಅನುಸೂಯಮ್ಮ ಗಾರ್ಮೆಂಟ್ಸಿಗೆ ರಜೆ ಹಾಕಿ ಏರಿಯ ಮೇಲೆ ನಿಂತು ಪ್ರತಿ ಬಕೆಟ್ಟು ಮಣ್ಣನ್ನೂ ನೋಡಿದಳಂತೆ. ಒಂದು ಮೂಳೆಯೂ ಬರಲಿಲ್ಲ. ಇದನ್ನು ಹೇಳುವಾಗ ಅವಳು ಅಳಲಿಲ್ಲ, ಕಿತ್ತ ಪಟ್ಟಿಯೊಂದನ್ನು ಹೊಲಿಯುತ್ತಲೇ ಇದ್ದಳು.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಕಣ್ಣಿಗೆ ಬಿದ್ದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲು ಆಗದು. ಕ್ಲಬ್ಬಿನಲ್ಲಿ ಇಬ್ಬರು ಕೂರುವ ಒಂದು ಹಳದಿ ಕಯಾಕ್ ಇದೆ. ಒಬ್ಬರೇ ಮುಂದಿನ ಸೀಟಿನಲ್ಲಿ ಕೂತರೆ ಅದರ ಮೂತಿ ತಗ್ಗಿ ಹಿಂಬದಿ ಮೇಲೇಳಬೇಕು. ಭಾರದ ಸರಳ ಲೆಕ್ಕ. ನವೆಂಬರಿನ ಒಂದು ಬೆಳಿಗ್ಗೆ ಒಬ್ಬ ಹುಡುಗಿ ಅದನ್ನು ಒಬ್ಬಳೇ ತೆಗೆದುಕೊಂಡು ಹೋದಳು. ಹೋಗುವಾಗ ಹಿಂಬದಿ ಎದ್ದಿತ್ತು. ತೂಬಿನ ಕಂಬ ಸುತ್ತಿ ಬರುವಾಗ ದೋಣಿ ಸಮನಾಗಿ ಕೂತಿತ್ತು, ಹಿಂದಿನ ಸೀಟಿನಲ್ಲಿ ಯಾರೋ ಇದ್ದ ಹಾಗೆ. ದಡ ಹತ್ತಿರವಾಗುತ್ತಲೇ ಹಿಂಬದಿ ಮತ್ತೆ ಎದ್ದಿತು. ಅನುಸೂಯಮ್ಮ ಅದನ್ನೇ ನೋಡುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ. ಅದೇ ದಿನ ಏರಿಯ ಮೇಲೆ ಒಂದು ಜೊತೆ ಚಪ್ಪಲಿ ಒಳಗೆಲ್ಲ ಒದ್ದೆಯಾಗಿತ್ತು. ಮಂಜು ಬಿದ್ದಿದೆ ಎಂದೆ. ಪಕ್ಕದ ಜೊತೆಗಳೆಲ್ಲ ಯಾಕೆ ಒಣಗಿವೆ ಎಂದು ಅವಳು ಕೇಳಲಿಲ್ಲ, ಆದರೆ ಅದೇ ಪ್ರಶ್ನೆ ನನ್ನನ್ನು ವಾರವಿಡೀ ಕಾಡಿತು.

ಡಿಸೆಂಬರಿನ ಮೂರನೇ ಭಾನುವಾರ. ಕೆರೆಯ ಮೇಲೆ ಮಂಜು ಎಷ್ಟಿತ್ತೆಂದರೆ ತೂಬಿನ ಕಂಬವೂ ಕಾಣುತ್ತಿರಲಿಲ್ಲ. ಅಳಿಯನಿಗೆ ಆಫೀಸಿನ ಕರೆ ಬಂತೆಂದು ಮೇಘಾ ಹಳದಿ ಕಯಾಕನ್ನು ಒಬ್ಬಳೇ ಇಳಿಸಿದಳು. ಬೇಡ ಅನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಮಗಳು ನಗುತ್ತಾಳೆಂದು ನುಂಗಿಕೊಂಡೆ.

ಅವತ್ತು ಸಿದ್ದಕ್ಕನಿಗೆ ಮೈ ಸರಿಯಿಲ್ಲವೆಂದು ಅನುಸೂಯಮ್ಮ ಇನ್ನೂ ಬಂದಿರಲಿಲ್ಲ. ಇದೇ ಸಮಯವೆಂದು ಹರ್ಷವರ್ಧನ್ ಕಾರಿನಿಂದ ಹೊಸ ಪ್ಲಾಸ್ಟಿಕ್ ಷೂ ರ‍್ಯಾಕ್ ಇಳಿಸಿದ. ಹೊಸ ಸದಸ್ಯರು ನೋಡಲು ಬರುತ್ತಾರೆ, ಚಪ್ಪಲಿ ಹೀಗೆ ಚೆಲ್ಲಾಡಿದ್ದರೆ ಚೆನ್ನಾಗಿರುವುದಿಲ್ಲ ಎಂದು ಎಲ್ಲವನ್ನೂ ಬಾಚಿಕೊಂಡು ಷೆಡ್ಡಿನೊಳಗೆ ಜೋಡಿಸಿದ. ನಾನು ನೋಡುತ್ತಾ ಕೂತಿದ್ದೆ. ಆಕ್ಷೇಪಿಸಿದರೆ ನಾನೂ ಮೂಢನಂಬಿಕೆಯವನಾಗುತ್ತೇನಲ್ಲ ಎಂಬ ಬಿಗುಮಾನ. ಆ ಬಿಗುಮಾನದ ಬಗ್ಗೆ ನನಗೆ ಈಗಲೂ ನಾಚಿಕೆಯಿದೆ.

ಏಳೂಕಾಲಿಗೆ ಎಲ್ಲರೂ ತಿರುಗಿ ಬಂದರು. ಮೇಘಾ ಬರಲಿಲ್ಲ. ಖಾಲಿ ಸೀಟು ಇದ್ದದ್ದು ಅವಳ ದೋಣಿಯಲ್ಲಿ ಮಾತ್ರ. ಹರ್ಷವರ್ಧನ್ ಪೀಪಿ ಊದಿದ. ಉತ್ತರವಾಗಿ ಅವಳ ಲೈಫ್ ಜಾಕೆಟ್ಟಿನ ಪೀಪಿ ಕೇಳಿಸಿತು, ಮೊದಲು ಕೋಡಿಯ ಕಡೆಯಿಂದ, ಆಮೇಲೆ ಅದರ ಎದುರು ದಿಕ್ಕಿನಿಂದ, ಒಮ್ಮೆ ನಮ್ಮ ಕಾಲ ಕೆಳಗಿನ ನೀರಿನಿಂದಲೇ ಬಂದಂತೆ. ಇಬ್ಬರು ಹುಟ್ಟು ಹಾಕಿಕೊಂಡು ಹೋಗಿ, ಸುತ್ತಿ, ಬರಿಗೈಯಲ್ಲಿ ಬಂದರು. ನಲವತ್ತೆಕರೆ ಕೆರೆ. ಸುತ್ತ ರಸ್ತೆ, ಬಸ್ಸು, ಕಟ್ಟಡ. ಅಲ್ಲಿ ಯಾರಾದರೂ ದಾರಿ ತಪ್ಪುವುದು ಎಲ್ಲಿ?

ಅಷ್ಟರಲ್ಲಿ ಅನುಸೂಯಮ್ಮ ಬಂದಳು. ಖಾಲಿ ನೆಲ ನೋಡಿದವಳೇ ಷೆಡ್ಡಿಗೆ ಹೋದಳು, ನಾನೊಬ್ಬನೇ ಅವಳ ಹಿಂದೆ ಹೋದೆ. ರ‍್ಯಾಕಿನಲ್ಲಿ ಮಿಕ್ಕಿದ್ದದ್ದು ಮೇಘಾಳ ನೀಲಿ ಚಪ್ಪಲಿ ಮಾತ್ರ. ಅದರಿಂದ ತೊಟತೊಟನೆ ನೀರು ಇಳಿಯುತ್ತಿತ್ತು. ಒಳಗೆ ಕರೀ ಹೂಳು, ಹೂಳಿನಲ್ಲಿ ಬೆರಳಿನ ಗುರುತು. ಅದು ಮೇಘಾಳ ಕಾಲಿಗಿಂತ ದೊಡ್ಡ ಕಾಲಿನದು.

ಅನುಸೂಯಮ್ಮ ಅದರ ಮುಂದೆಯೇ ನೆಲದ ಮೇಲೆ ಕೂತಳು. ನನ್ನ ಮುಖ ನೋಡದೆ ಹೇಳಿದಳು:

"ಸಾರ್, ನಮ್ಮ ಚಿಕ್ಕಪ್ಪ ಎತ್ತಲಿಲ್ಲ. ನಾನೇ ಎತ್ಕಂಡೋಗಿದ್ದು. ಮೋಡ ಕವ್ಕಂಡಿತ್ತು. ಮಳೆ ಬಂದು ಅಪ್ಪನ ಎಕ್ಕಡ ನೆಂದೋಯ್ತದೆ ಅಂತ ಲಂಗದಾಗೆ ಸುತ್ಕಂಡು ಮನೆಗೆ ತಂದ್ಬಿಟ್ಟೆ. ಇಂಗಾಯ್ತದೆ ಅಂತ ನಂಗೇನು ಗೊತ್ತು. ಇವತ್ತಿನವರ್ಗೂ ಯಾರ ತಾವೂ ಬಾಯಿ ಬಿಟ್ಟಿಲ್ಲ."

ಐವತ್ತು ವರ್ಷ. ಅಷ್ಟು ವರ್ಷ ತಾಯಿ ಗೋಪಾಲಪ್ಪನನ್ನು ಶಪಿಸುವುದನ್ನು ಕೇಳುತ್ತಾ, ಅದೇ ಮನೆಯಲ್ಲಿ ಉಂಡು ಮಲಗಿದ್ದಾಳೆ. ಸಮಾಧಾನ ಹೇಳಬೇಕಾದವನು ನಾನು, ಆದರೆ ಹೇಳಿದ್ದು ಬೇರೆ.

"ನನ್ನ ಮಗಳು ನೀರಾಗ ಅದಾಳವಾ," ಎಂದೆ.

ಅವಳು ಎದ್ದು, ಮೇಘಾಳ ಚಪ್ಪಲಿಯನ್ನು ಏರಿಯ ಮೇಲೆ ಮೊದಲಿದ್ದ ಜಾಗದಲ್ಲಿಟ್ಟು ಓಡಿದಳು. ಸವೆದ ಮಂಡಿಯಲ್ಲಿ, ಬರಿಗಾಲಲ್ಲಿ. ಏರಿಯ ಹಿಂದಿನ ಗಲ್ಲಿಯಲ್ಲೇ ಅವಳ ಮನೆ. ಹತ್ತು ನಿಮಿಷದಲ್ಲಿ ವಾಪಸು ಬಂದಾಗ ಅವಳ ಕೈಯಲ್ಲಿ ಗಾರ್ಮೆಂಟ್ಸ್ ಬಟ್ಟೆ ಚೂರುಗಳ ಒಂದು ಗಂಟಿತ್ತು. ಅದನ್ನು ಬಿಚ್ಚಿದಳು. ಒಳಗೆ ಗಂಡಸಿನ ಚರ್ಮದ ಎಕ್ಕಡ, ಸುಕ್ಕುಗಟ್ಟಿ ಕಪ್ಪಾಗಿದ್ದವು. ಅವನ್ನು ನೀಲಿ ಚಪ್ಪಲಿಯ ಪಕ್ಕದಲ್ಲಿ, ಮೂತಿ ಊರಿನ ಕಡೆ ಮಾಡಿ ಇಟ್ಟಳು. ಹರ್ಷವರ್ಧನ್ ಏನೋ ಕೇಳಲು ಬಾಯಿ ತೆರೆದ, ನಾನು ಅವನ ತೋಳು ಹಿಡಿದುಕೊಂಡೆ.

"ಅಪ್ಪಾ, ತಂದಿಟ್ಟಿವ್ನಿ," ಎಂದಳು ಅನುಸೂಯಮ್ಮ ನೀರಿನ ಕಡೆಗೆ. "ಬಾ. ಆ ಮಗೀನೂ ಕರ್ಕಂಡು ಬಾ."

ಸದ್ದಿಲ್ಲ. ಹಕ್ಕಿಗಳೂ ಸುಮ್ಮನಾಗಿದ್ದವು. ಬಹಳ ಹೊತ್ತಿನ ಮೇಲೆ ಹುಟ್ಟಿನ ಸಪ್ಪಳ ಕೇಳಿಸಿತು. ಒಂದೇ ಹುಟ್ಟಿನದಲ್ಲ, ಎರಡು ಹುಟ್ಟು ಒಂದರ ಹಿಂದೊಂದು ನೀರಿಗೆ ಬೀಳುವ ಸಪ್ಪಳ. ಮಂಜಿನಿಂದ ಹಳದಿ ಕಯಾಕ್ ಹೊರಬಂತು. ಮುಂದಿನ ಸೀಟಿನಲ್ಲಿ ಮೇಘಾ. ಹಿಂದಿನ ಸೀಟು ಖಾಲಿ. ದೋಣಿ ನೀರಿನ ಮೇಲೆ ಸಮನಾಗಿ ಕೂತಿತ್ತು. ದಡಕ್ಕೆ ಮೂತಿ ತಾಗಿದ ಕ್ಷಣ ಹಿಂಬದಿ ನಿಧಾನವಾಗಿ ಮೇಲೆದ್ದಿತು.

ನಾನು ನೀರಿಗಿಳಿದು ಮಗಳನ್ನು ತಬ್ಬಿಕೊಂಡೆ. ಅಳುವೂ ಬಂತು.

"ದಡ ಕಾಣ್ತಿತ್ತಪ್ಪಾ, ನೀವೆಲ್ಲ ನಿಂತಿದ್ದೂ ಕಾಣ್ತಿತ್ತು. ಎಷ್ಟು ಹುಟ್ಟು ಹಾಕಿದ್ರೂ ಹತ್ರ ಬರಲಿಲ್ಲ," ಎಂದಳು. ಆಮೇಲೆ ಹಿಂದೆ ತಿರುಗಿ ಸೀಟು ನೋಡಿ, "ಕೊನೀಗೆ ಯಾರನ್ನ ಕಳಿಸಿದ್ರಿ? ಹಿಂದೆ ಕೂತು ಹುಟ್ಟು ಹಾಕಿದ್ರಲ್ಲ, ಅವರೆಲ್ಲಿ?" ಎಂದು ಕೇಳಿದಳು.

ನಾನು ಅವಳ ಕೈ ಹಿಡಿದು ದೋಣಿಯಿಂದ ಇಳಿಸಿದೆ. ಏರಿ ಹತ್ತಿದಾಗ ನೀಲಿ ಚಪ್ಪಲಿ ಇಟ್ಟಲ್ಲೇ ಇತ್ತು. ಚರ್ಮದ ಎಕ್ಕಡ ಇರಲಿಲ್ಲ. ಅಲ್ಲಿಂದ ಒದ್ದೆ ಹೆಜ್ಜೆಗಳು ಏರಿ ದಾಟಿ, ಇಳಿಜಾರಿನಲ್ಲಿ ಇಳಿದು, ಡಾಂಬರು ರಸ್ತೆಯವರೆಗೂ ಹೋಗಿದ್ದವು. ನಾಯಿ ಎತ್ತಿಕೊಂಡು ಹೋಗಿರಬೇಕು ಎಂದ ಹರ್ಷವರ್ಧನ್. ಹೇಳಿದವನೇ ಷೂ ರ‍್ಯಾಕನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡ.

ಮೇಘಾಳನ್ನು ಅವನ ಕಾರಿನಲ್ಲಿ ಮನೆಗೆ ಕಳಿಸಿ, ನಾನು ಅನುಸೂಯಮ್ಮನ ಜೊತೆ ಅವಳ ಮನೆಗೆ ನಡೆದೆ. ಅವಳಿಗೆ ಒಬ್ಬಳೇ ನಡೆಯುವ ಸ್ಥಿತಿ ಇರಲಿಲ್ಲ. ತಾಯಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ, ಇವತ್ತೇ ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ಅಂದಳು. ಮಾತು ನಿಂತ ಮುದುಕಿಗೆ ಅದು ಕೇಳಿಸುತ್ತದೋ ಇಲ್ಲವೋ ಎಂದೂ ಅಂದಳು. ಮನೆ ಮುಂದೆ ಖಾಲಿ ಹೊಸ್ತಿಲು. ನಾನು ನನ್ನ ಚಪ್ಪಲಿಯನ್ನು ಅಲ್ಲಿ ಬಿಟ್ಟು ಒಳಗೆ ಹೋದೆ.

ಸಿದ್ದಕ್ಕ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ವರ್ಷದಿಂದ ತಾನಾಗಿ ಏಳದವಳು. ನೆಲದ ಮೇಲೆ ಬಾಗಿಲಿನಿಂದ ಮಂಚದವರೆಗೆ ನೀರು ಬಿದ್ದಿತ್ತು. ಅನುಸೂಯಮ್ಮ ತಾಯಿಯ ಮುಂದೆ ಮಂಡಿಯೂರಿ ಕೂತಳು. ಅವಳು ಬಾಯಿ ತೆರೆಯುವ ಮುಂಚೆ ಮುದುಕಿಯೇ ಮಾತಾಡಿದಳು. ಒಡಕು ದನಿ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ.

"ನಿಮ್ಮಪ್ಪ ಬಂದಿದ್ರು. ಮಳೆ ಬತ್ತದೆ ಅಂತ ಮಗ ಲಂಗದಾಗೆ ಸುತ್ಕಂಡೋಯ್ತು, ಅದ್ನ ಬೈಬ್ಯಾಡ ಅಂದ್ರು."

ಮಳೆಯ ಮಾತು, ಲಂಗದ ಮಾತು ಅನುಸೂಯಮ್ಮ ಜೀವಮಾನದಲ್ಲಿ ಹೇಳಿದ್ದು ನನಗೊಬ್ಬನಿಗೆ, ಅದೂ ಒಂದು ಗಂಟೆಯ ಹಿಂದೆ, ಕೆರೆಯ ಷೆಡ್ಡಿನಲ್ಲಿ. ಅವಳು ತಾಯಿಯ ಮಡಿಲಿಗೆ ತಲೆಯಿಟ್ಟು ಒಂಬತ್ತು ವರ್ಷದ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಸಿದ್ದಕ್ಕ ಅವಳ ನೆತ್ತಿ ಸವರಿದಳು. ಆಮೇಲೆ ಗೋಪಾಲಪ್ಪನ ಹೆಸರು ಹೇಳಿ, ಒಂದು ಲೋಟ ನೀರು ತಂದು ಅವನ ಹೆಸರಲ್ಲಿ ಅಂಗಳಕ್ಕೆ ಚೆಲ್ಲು ಎಂದಳು. ಕೊನೆಗೆ ಎರಡೂ ಕೈ ಮುಂದೆ ಚಾಚಿ, ಬಳೆ ತೆಗೆ ಎಂದಳು.

ಅದನ್ನು ಹೊರಗಿನವನು ನೋಡಬಾರದು ಅನ್ನಿಸಿ ನಾನು ಎದ್ದು ಬಂದೆ. ಹೊಸ್ತಿಲಾಚೆ ನನ್ನ ಚಪ್ಪಲಿಯ ಪಕ್ಕದಲ್ಲಿ ಆ ಚರ್ಮದ ಎಕ್ಕಡ ಇದ್ದವು, ನೀರು ತೊಟ್ಟಿಕ್ಕುತ್ತಾ, ಮೂತಿ ಮನೆಯೊಳಗಿನ ಕಡೆಗೆ. ನಾನು ಅವನ್ನು ಮುಟ್ಟದೆ, ಸ್ವಲ್ಪ ಸರಿದು ನಿಂತು ನನ್ನ ಚಪ್ಪಲಿ ಮೆಟ್ಟಿಕೊಂಡೆ.